ಹತ್ತೊಂಬತ್ತು ವರ್ಷ, ಮೂರು ಗಾಜಿನ ತೊಟ್ಟಿಗಳು: ಅಕ್ವೇರಿಯಂ ಮತ್ತು ಅದರ ಸಿಲಿಕೋನ್ ಅಂಟಿನ ಬಾಳಿಕೆಯ ಬಗ್ಗೆ

ಅಕ್ವೇರಿಯಂ ಕೊಂಡ ಮೊದಲ ತಿಂಗಳಲ್ಲಿ ಬರೆದ ಅಭಿಪ್ರಾಯಗಳನ್ನು ನಾನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ಆಗ ಗಾಜು ಹೊಳೆಯುತ್ತಿರುತ್ತದೆ, ಮೂಲೆಗಳು ಸ್ವಚ್ಛವಾಗಿರುತ್ತವೆ, ನೀರು ಒಂದು ಹನಿಯೂ ಹೊರಗೆ ಬರುವುದಿಲ್ಲ. ಹೊಗಳುವುದಕ್ಕೆ ಬೇಕಾದುದೆಲ್ಲ ಇರುತ್ತದೆ, ತೂಗಿ ನೋಡುವುದಕ್ಕೆ ಬೇಕಾದುದು ಮಾತ್ರ ಇನ್ನೂ ಶುರುವಾಗಿರುವುದಿಲ್ಲ. ಗಾಜಿನ ತೊಟ್ಟಿಯ ಯೋಗ್ಯತೆ ತಿಳಿಯುವುದು ಮೂರನೆಯ ವರ್ಷದಲ್ಲಿ, ಎಂಟನೆಯ ವರ್ಷದಲ್ಲಿ, ಹದಿನೈದನೆಯ ವರ್ಷದಲ್ಲಿ. ಬೆಂಗಳೂರಿನ ನಮ್ಮ ಮನೆಯಲ್ಲಿ 2006ರಿಂದ ಇಲ್ಲಿಯವರೆಗೆ ಮೂರು ತೊಟ್ಟಿಗಳನ್ನು ಬಳಸಿದ್ದೇನೆ. ಒಂದು ಹೇಳಿ ಮಾಡಿಸಿದ ನಾಲ್ಕು ಅಡಿಯದು, ಇನ್ನೊಂದು ಅಂಗಡಿಯಲ್ಲಿ ಸಿದ್ಧವಾಗಿದ್ದ ಎರಡು ಅಡಿಯದು, ಮತ್ತೊಂದು ಮುಂಭಾಗದ ಗಾಜು ಬಾಗಿರುವ, ಹೊರದೇಶದಿಂದ ಬಂದ ಚಿಕ್ಕದು. ಒಂದು ಮೂರನೆಯ ವರ್ಷದಲ್ಲಿಯೇ ಸೋರಿತು. ಇನ್ನೊಂದಕ್ಕೆ ಹದಿನೈದನೆಯ ವರ್ಷದಲ್ಲಿ ಅಂಟು ಬದಲಿಸಬೇಕಾಯಿತು. ಮೂರನೆಯದು ಇನ್ನೂ ನಡೆಯುತ್ತಿದೆ. ಈ ಮೂರರ ಜೊತೆಗೆ, ಅಂಟು ಬದಲಿಸಿಕೊಟ್ಟ ಕೆಲಸಗಾರರ ಸೇವೆಯ ಬಗ್ಗೆಯೂ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಅಂಗಡಿಯಲ್ಲಿ ಒಬ್ಬ ಕೆಲಸಗಾರ ಕಟ್ಟಿದ ತೊಟ್ಟಿಗೂ ಮತ್ತೊಬ್ಬ ಕಟ್ಟಿದ ತೊಟ್ಟಿಗೂ ಹೋಲಿಕೆಯೇ ಇರುವುದಿಲ್ಲವಾದ್ದರಿಂದ ಹೆಸರಿಗಿಂತ ಜೋಡಣೆಯನ್ನು ನೋಡುವುದನ್ನು ಕಲಿತರೆ ಹೆಚ್ಚು ಪ್ರಯೋಜನ.

ಮೊದಲು ದೊಡ್ಡದರಿಂದ ಆರಂಭಿಸುತ್ತೇನೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮೀನು ಮತ್ತು ತೊಟ್ಟಿ ಮಾರುವ ಅಂಗಡಿಗಳು ಸಾಲಾಗಿ ಇರುವುದು ಬೆಂಗಳೂರಿನವರಿಗೆ ಗೊತ್ತು. ಅಲ್ಲಿ ಒಂದು ಕಡೆ 10 ಮಿ.ಮೀ. ದಪ್ಪದ ಗಾಜಿನಲ್ಲಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯನ್ನು ಹೇಳಿ ಮಾಡಿಸಿದೆ. ಆಗ ಅದಕ್ಕೆ 6,500 ರೂಪಾಯಿ ಕೊಟ್ಟಿದ್ದೆ. ಪಕ್ಕದ ಅಂಗಡಿಯವರು 6 ಮಿ.ಮೀ. ಗಾಜಿನಲ್ಲಿ ಇದೇ ಅಳತೆಯದನ್ನು ಸುಮಾರು ಅರ್ಧ ಬೆಲೆಗೆ ಕೊಡುತ್ತೇವೆ ಎಂದಿದ್ದರು. ಕಟ್ಟಿದವರು ತೊಟ್ಟಿಯನ್ನು ತಕ್ಷಣ ಕೊಡಲಿಲ್ಲ. ಅಂಟು ಒಣಗಲು ಒಂದು ವಾರ ಬೇಕು, ಅದಾದ ಮೇಲೆ ಎರಡು ದಿನ ನೀರು ತುಂಬಿಸಿ ಇಟ್ಟು ನೋಡಿ ಆಮೇಲೆ ಕಳುಹಿಸುತ್ತೇನೆ ಎಂದರು. ಅಂದು ಅದು ನನಗೆ ತಡ ಎನಿಸಿತು. ಇಂದು ನೋಡಿದರೆ ಆ ಒಂಬತ್ತು ದಿನಗಳೇ ಆ ತೊಟ್ಟಿಗೆ ನಾನು ಕೊಟ್ಟ ಬೆಲೆಯ ಮುಖ್ಯ ಭಾಗವಾಗಿತ್ತು ಎನ್ನಬೇಕು.

ದಪ್ಪ ಗಾಜು ಏಕೆ ಎಂದು ಕೇಳುವವರಿಗೆ ಲೆಕ್ಕವನ್ನೇ ಮುಂದಿಡುವುದು ಒಳ್ಳೆಯದು. ಗಾಜಿನ ಒಂದು ಚದರ ಮೀಟರ್ ಹಾಳೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ನನ್ನ ಬರಿಯ ತೊಟ್ಟಿಯೇ ಸುಮಾರು 50 ಕಿಲೋ. ಅದರಲ್ಲಿ 40 ಸೆಂ.ಮೀ. ಎತ್ತರಕ್ಕೆ ನೀರು ನಿಂತರೆ ಸುಮಾರು 200 ಲೀಟರ್, ಅಂದರೆ ಇನ್ನೊಂದು 200 ಕಿಲೋ. ಆದರೆ ಅಂಟಿಗೆ ಸಂಬಂಧಿಸಿದ ಅಂಕಿ ಇದಲ್ಲ. ನೀರು ಮುಂಭಾಗದ ಗಾಜನ್ನು ಹೊರಕ್ಕೆ ತಳ್ಳುವ ಬಲ ಮುಖ್ಯ, ಮತ್ತು ಅದು ಈ ಅಳತೆಯಲ್ಲಿ ಸುಮಾರು 95 ಕಿಲೋ ತೂಕಕ್ಕೆ ಸಮ. ನೀರಿನ ಎತ್ತರವನ್ನು 60 ಸೆಂ.ಮೀ.ಗೆ ಏರಿಸಿದರೆ ಅದೇ ಬಲ 210 ಕಿಲೋವನ್ನು ದಾಟುತ್ತದೆ. ಎತ್ತರ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟಾಗುತ್ತದೆ. ಆದ್ದರಿಂದಲೇ ಉದ್ದವಾದ, ತಗ್ಗಾದ ತೊಟ್ಟಿಗಳು ಹೆಚ್ಚು ಕಾಲ ಬಾಳುತ್ತವೆ, ಎತ್ತರದ ತೊಟ್ಟಿಗಳು ಅಂಟನ್ನು ಬೇಗ ದಣಿಸುತ್ತವೆ. ಗಾಜು ತೆಳುವಾಗಿದ್ದರೆ ಈ ಬಲಕ್ಕೆ ನಡುವಿನಲ್ಲಿ ಹೊರಗೆ ಬಾಗುತ್ತದೆ. ಬಾಗಿದ ಗಾಜು ಮೂಲೆಯ ಅಂಟನ್ನು ಸಮವಾಗಿ ಎಳೆಯದೆ ಒಂದು ಅಂಚಿನಿಂದ ಸಿಪ್ಪೆ ಸುಲಿದಂತೆ ಎಳೆಯುತ್ತದೆ. ಸಿಲಿಕೋನ್ ನೇರವಾದ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಸುಲಿಯುವ ಎಳೆತಕ್ಕೆ ಸೋಲುತ್ತದೆ. ನೀರು ಬದಲಿಸಿದಾಗಲೆಲ್ಲ ಆ ಬಾಗು ತುಸು ಇಳಿಯುತ್ತದೆ, ಮತ್ತೆ ತುಂಬಿದಾಗ ಏರುತ್ತದೆ. ವಾರಕ್ಕೊಮ್ಮೆ ಎಂದರೂ ಹತ್ತು ವರ್ಷಕ್ಕೆ 500ಕ್ಕೂ ಹೆಚ್ಚು ಸಲ.

ಅಂಟು ಎಂದರೆ ಬಲಹೀನವಾದ ಭಾಗ ಎಂಬ ಭಾವನೆ ಬಹಳ ಜನರಲ್ಲಿದೆ. ಅದು ಸರಿಯಲ್ಲ. ನನ್ನ ತೊಟ್ಟಿಯ ಮುಂಭಾಗದ ಗಾಜು ತಳದ ಉದ್ದಕ್ಕೂ ಎರಡು ಪಕ್ಕಗಳಲ್ಲಿಯೂ ಅಂಟಿಕೊಂಡಿರುವ ಜಾಗವನ್ನು ಕೂಡಿದರೆ 200 ಚದರ ಸೆಂ.ಮೀ.ಗೂ ಸ್ವಲ್ಪ ಹೆಚ್ಚು. 95 ಕಿಲೋ ಭಾರವನ್ನು ಅದರ ಮೇಲೆ ಹರಡಿದರೆ ಒಂದು ಚದರ ಸೆಂ.ಮೀ.ಗೆ ಅರ್ಧ ಕಿಲೋ ಕೂಡ ಆಗುವುದಿಲ್ಲ. ಬಲ ತಳದ ಕಡೆಗೆ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ ಎಂಬುದನ್ನು ಸೇರಿಸಿಕೊಂಡರೂ, ಚೆನ್ನಾಗಿ ಗಟ್ಟಿಯಾದ ಒಳ್ಳೆಯ ಸಿಲಿಕೋನ್ ಅದರ ಹತ್ತು ಪಟ್ಟಿಗೂ ಹೆಚ್ಚನ್ನು ತಾಳುತ್ತದೆ. ಗಾಜಿನಲ್ಲಿಯೂ ಸಿಲಿಕೋನ್‌ನಲ್ಲಿಯೂ ಬೆನ್ನೆಲುಬಾಗಿರುವುದು ಸಿಲಿಕಾನ್ ಮತ್ತು ಆಮ್ಲಜನಕದ ಸರಪಣಿಯೇ ಆದ್ದರಿಂದ ಇವೆರಡರ ನಡುವಿನ ಹಿಡಿತ ಸಾಮಾನ್ಯ ಅಂಟುಗಳ ಹಿಡಿತದಂಥದಲ್ಲ. ಬಿಸಿಲಿಗೂ ಮನೆಯೊಳಗಿನ ಬಿಸಿ ತಣ್ಣನೆಗೂ ಅದು ಬೇಗ ಹಾಳಾಗುವ ವಸ್ತುವಲ್ಲ. ಲಂಡನ್ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದ ಕಾಲದಿಂದ ಮುಂದೆ ನೂರು ವರ್ಷಗಳಷ್ಟು ಕಾಲ ತೊಟ್ಟಿ ಎಂದರೆ ಲೋಹದ ಚೌಕಟ್ಟು, ಅದರೊಳಗೆ ಗಾಜು, ಸಂದಿಗೆ ಪುಟ್ಟಿ. ಚೌಕಟ್ಟು ತುಕ್ಕು ಹಿಡಿಯುತ್ತಿತ್ತು, ಪುಟ್ಟಿ ಒಣಗಿ ಬಿರಿಯುತ್ತಿತ್ತು. ಚೌಕಟ್ಟಿಲ್ಲದೆ ಗಾಜಿಗೆ ಗಾಜನ್ನೇ ಅಂಟಿಸಿ ನಿಲ್ಲಿಸುವ ತೊಟ್ಟಿ ಮನೆಗಳಿಗೆ ಬಂದದ್ದು 1960ರ ದಶಕದ ನಂತರ, ಸಿಲಿಕೋನ್ ಅಂಟು ಕೈಗೆಟುಕಿದ ಮೇಲೆ. ಆದ್ದರಿಂದ ತೊಟ್ಟಿ ಸೋರಿದರೆ ನಾನು ಸಿಲಿಕೋನ್ ಎಂಬ ವಸ್ತುವನ್ನು ದೂರುವುದಿಲ್ಲ. ಅದನ್ನು ಹಚ್ಚಿದ ದಿನ ಏನಾಯಿತು ಎಂದು ಕೇಳುತ್ತೇನೆ.

ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಎರಡು ಅಡಿಯ ತೊಟ್ಟಿ. ಮಗಳಿಗೆ ಗಪ್ಪಿ ಮೀನು ಬೇಕೆಂದು 2011ರಲ್ಲಿ ಮನೆಯ ಹತ್ತಿರದ ಅಂಗಡಿಯೊಂದರಲ್ಲಿ 1,800 ರೂಪಾಯಿಗೆ ಕೊಂಡೆ. ಗಾಜು 4 ಮಿ.ಮೀ., ಮೂಲೆಗಳಿಗೆ ಕಪ್ಪು ಸಿಲಿಕೋನ್, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಮೂರನೆಯ ವರ್ಷದ ಮಳೆಗಾಲದಲ್ಲಿ ಸ್ಟ್ಯಾಂಡಿನ ಹಲಗೆಯ ಅಂಚು ಉಬ್ಬಿದ್ದನ್ನು ನೋಡಿ, ಹವೆಯ ತೇವಕ್ಕೆ ಹೀಗಾಗಿದೆ ಎಂದುಕೊಂಡು ಸುಮ್ಮನಾದೆ. ಮೂರು ವಾರಗಳ ನಂತರ ಬೆಳಿಗ್ಗೆ ಎದ್ದು ನೋಡಿದರೆ ನೀರು ಎರಡು ಬೆರಳಷ್ಟು ಇಳಿದಿತ್ತು, ಹಲಗೆಯ ಕೆಳಗೆ ಹಾಸಿದ್ದ ವೃತ್ತಪತ್ರಿಕೆ ಮುದ್ದೆಯಾಗಿತ್ತು. ಅದು ಒಡೆದ ಸೋರಿಕೆಯಲ್ಲ, ಒಸರು. ತಳದ ಒಂದು ಮೂಲೆಯಲ್ಲಿ ಬೆರಳಿಟ್ಟರೆ ಮಾತ್ರ ತೇವ ತಿಳಿಯುತ್ತಿತ್ತು. ಹೀಗೆ ಒಸರುವ ತೊಟ್ಟಿಯನ್ನು ಆವಿಯಾಗುವ ನೀರಿನ ಲೆಕ್ಕಕ್ಕೆ ಸೇರಿಸಿ ತಿಂಗಳುಗಟ್ಟಲೆ ಗಮನಿಸದೆ ಇರುವ ಮನೆಗಳು ಅನೇಕ ಇರಬೇಕು.

ಅಂಗಡಿಯವರು ಬಂದು, ತೊಟ್ಟಿಯನ್ನು ಖಾಲಿ ಮಾಡಿಸಿ, ಮೂಲೆಯನ್ನು ಬಟ್ಟೆಯಿಂದ ಒರೆಸಿ, ಹಳೆಯ ಅಂಟಿನ ಮೇಲೆಯೇ ಹೊಸ ಸಿಲಿಕೋನ್ ಎಳೆದು, ನಾಳೆ ನೀರು ತುಂಬಿಸಬಹುದು ಎಂದು ಹೇಳಿ 300 ರೂಪಾಯಿ ಪಡೆದು ಹೋದರು. ಹನ್ನೊಂದನೆಯ ದಿನ ಅದೇ ಮೂಲೆ ಮತ್ತೆ ಒಸರಿತು. ಎರಡನೆಯ ಸಲ ಕರೆದಾಗ, ನಿಮ್ಮ ಸ್ಟ್ಯಾಂಡ್ ಸರಿಯಿಲ್ಲ ಎಂದರು. ರಸಮಟ್ಟ ಇಟ್ಟು ತೋರಿಸಿದೆ, ಸ್ಟ್ಯಾಂಡ್ ಸರಿಯಾಗಿಯೇ ಇತ್ತು. ಆಮೇಲೆ ಅವರು ಫೋನು ತೆಗೆಯಲಿಲ್ಲ. ಗಟ್ಟಿಯಾದ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ಅದನ್ನು ತಿಳಿಯದೆ ಮಾಡಿದ್ದರೆ ತಪ್ಪು. ತಿಳಿದೂ ಮಾಡಿದ್ದರೆ ಅದು ಗ್ರಾಹಕನಿಗೆ ಮಾಡಿದ ಮೋಸ. ಎರಡರಲ್ಲಿ ಯಾವುದಾದರೂ ಆ ಸೇವೆಗೆ ನಾನು ಒಂದು ಅಂಕವನ್ನೂ ಕೊಡಲಾರೆ.

ಆ ತೊಟ್ಟಿಯನ್ನು ಎಸೆಯುವ ಮೊದಲು ಹಿತ್ತಲಿಗೆ ಒಯ್ದು, ಹೊಸ ಬ್ಲೇಡು ಹಿಡಿದು ಮೂಲೆಮೂಲೆಯನ್ನೂ ಬಿಡಿಸಿ ನೋಡಿದೆ. ಅಲ್ಲಿ ಕಂಡದ್ದು ಇವತ್ತಿಗೂ ನನಗೆ ಎಲ್ಲ ತೊಟ್ಟಿಗಳನ್ನೂ ಅಳೆಯುವ ಅಳತೆಗೋಲಾಗಿದೆ. ಸೋರುತ್ತಿದ್ದ ಮೂಲೆಯಲ್ಲಿ ಬ್ಲೇಡಿನ ತುದಿಯಿಂದ ಒಂದು ಎಳೆಯನ್ನು ಎಬ್ಬಿಸಿ ಬೆರಳಿನಿಂದ ಹಿಡಿದು ಎಳೆದರೆ, ಒಂದು ಗೇಣು ಉದ್ದದ ಸಿಲಿಕೋನ್ ಶಾವಿಗೆಯ ಎಳೆಯಂತೆ ಗಾಜಿನಿಂದ ಪೂರ್ತಿಯಾಗಿ ಬಿಟ್ಟು ಬಂತು. ಗಾಜಿನ ಮೇಲೆ ಅದರ ಗುರುತೂ ಉಳಿಯಲಿಲ್ಲ, ಎಳೆಯ ಹಿಂಬದಿ ಕನ್ನಡಿಯಂತೆ ನುಣುಪಾಗಿತ್ತು. ಅಂದರೆ ಅದು ಯಾವತ್ತೂ ಗಾಜಿಗೆ ಅಂಟಿರಲೇ ಇಲ್ಲ, ಮೂರು ವರ್ಷ ಗಾಜಿಗೆ ಒತ್ತಿಕೊಂಡು ಕುಳಿತಿತ್ತು, ಅಷ್ಟೆ. ಅದೇ ತೊಟ್ಟಿಯ ಎದುರಿನ ಮೂಲೆಯಲ್ಲಿ ಹಾಗೆ ಎಳೆದರೆ ಎಳೆ ತುಂಡಾಗುತ್ತಿತ್ತು. ಗಾಜಿನ ಮೇಲೆ ಕಪ್ಪು ಪದರ ಉಳಿದು, ಉಗುರಿನಷ್ಟು ಉಗುರಿನಷ್ಟಾಗಿ ಕೆರೆದು ತೆಗೆಯಬೇಕಾಯಿತು. ಒಂದೇ ತೊಟ್ಟಿ, ಒಂದೇ ಅಂಟು, ಒಂದೇ ದಿನದ ಕೆಲಸ. ಒಂದು ಕಡೆ ಗಾಜಿನ ಅಂಚನ್ನು ಒರೆಸಿದ್ದಾರೆ, ಇನ್ನೊಂದು ಕಡೆ ಗಾಜು ಕತ್ತರಿಸುವಾಗ ತಗಲಿದ ಎಣ್ಣೆಯ ಮೇಲೋ ಕೈಬೆವರಿನ ಮೇಲೋ ಹಾಗೆಯೇ ಅಂಟನ್ನು ಹಚ್ಚಿದ್ದಾರೆ ಎನ್ನುವುದಲ್ಲದೆ ಬೇರೆ ಕಾರಣ ನನಗೆ ತೋಚಲಿಲ್ಲ.

ಇಲ್ಲಿ ಜೋಡಣೆಯ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು, ಏಕೆಂದರೆ ದುರಸ್ತಿಗೆ ಕರೆದಾಗ ಮೋಸ ಹೋಗುವುದು ಇವನ್ನು ಒಂದೇ ಎಂದುಕೊಂಡಾಗ. ಒಂದು ಗಾಜಿನ ಅಂಚು ಇನ್ನೊಂದು ಗಾಜಿನ ಮೇಲೆ ಕೂರುವ ಸಂದಿಯಲ್ಲಿ ಇರುವ ತೆಳುವಾದ ಪದರವೇ ತೊಟ್ಟಿಯನ್ನು ನಿಲ್ಲಿಸಿರುವುದು. ಒಳಮೂಲೆಯಲ್ಲಿ ಬೆರಳಿನಿಂದ ಸವರಿದಂತೆ ಕಾಣುವ ಪಟ್ಟಿ ಆ ಪದರವನ್ನು ನೀರಿನಿಂದಲೂ ಪಾಚಿಯಿಂದಲೂ ಕೆರೆಯುವ ಬ್ಲೇಡಿನಿಂದಲೂ ಕಾಪಾಡುವ ಹೊದಿಕೆ. ಒಳಗಿನ ಪಟ್ಟಿಯನ್ನು ಒಂದು ದಿನದಲ್ಲಿ ಬದಲಿಸಬಹುದು. ಸಂದಿಯ ಪದರ ಹೋಗಿದ್ದರೆ ತೊಟ್ಟಿಯನ್ನು ಐದು ಗಾಜುಗಳಾಗಿ ಬಿಡಿಸಿ ಮತ್ತೆ ಕಟ್ಟುವುದಲ್ಲದೆ ಬೇರೆ ದಾರಿಯಿಲ್ಲ. ಎರಡು ಅಡಿಯ ತೊಟ್ಟಿಗೆ ಅಷ್ಟು ಖರ್ಚು ಮಾಡುವುದಕ್ಕಿಂತ ಹೊಸದು ಕೊಳ್ಳುವುದೇ ಅಗ್ಗ.

ನಾಲ್ಕು ಅಡಿಯ ತೊಟ್ಟಿಯಲ್ಲಿ ಮುದಿತನದ ಗುರುತು ಕಂಡದ್ದು ಹನ್ನೆರಡನೆಯ ವರ್ಷದ ಸುಮಾರಿಗೆ. ಬಲಗಡೆಯ ಹಿಂಬದಿ ಮೂಲೆಯಲ್ಲಿ, ಒಳಪಟ್ಟಿಗೂ ಗಾಜಿಗೂ ನಡುವೆ ಒಂದು ಹಸಿರು ಗೆರೆ ಹೊರಗಿನಿಂದ ಕಾಣತೊಡಗಿತು. ಪಾಚಿ ಅಂಟಿನ ಮೇಲೆ ಬೆಳೆದರೆ ಚಿಂತೆಯಿಲ್ಲ, ಕೆರೆದರೆ ಹೋಗುತ್ತದೆ. ಅಂಟಿನ ಅಡಿಗೆ ಹೋಯಿತೆಂದರೆ ಅಲ್ಲಿ ಅದಕ್ಕೆ ಜಾಗ ಸಿಕ್ಕಿದೆ, ನೀರು ಹೋಗುತ್ತಿದೆ, ಬೆಳಕು ತಲುಪುತ್ತಿದೆ ಎಂದೇ ಅರ್ಥ. ಎರಡು ವರ್ಷ ಕಾದು ನೋಡಿದೆ. ಗೆರೆ ಒಂದು ಅಂಗುಲದಿಂದ ನಾಲ್ಕು ಅಂಗುಲವಾಯಿತು, ಪಟ್ಟಿಯ ಅಂಚನ್ನು ಉಗುರಿನಿಂದ ಮೀಟಿದರೆ ಏಳುತ್ತಿತ್ತು. ಸಂದಿಯ ಪದರ ಮಾತ್ರ ಎಲ್ಲ ಕಡೆಯೂ ಒಂದೇ ಬಣ್ಣದಲ್ಲಿ, ಗುಳ್ಳೆಯಿಲ್ಲದೆ, ಬಿಳಿ ಮಚ್ಚೆಯಿಲ್ಲದೆ ಇತ್ತು. ಆ ಹಂತದಲ್ಲಿ ನಿಲ್ಲಿಸಿದರೆ ತೊಟ್ಟಿ ಉಳಿಯುತ್ತದೆ ಎಂದು 2021ರ ಫೆಬ್ರವರಿಯಲ್ಲಿ ಅಂಟು ಬದಲಿಸಲು ಒಬ್ಬ ಹಿರಿಯ ಕೆಲಸಗಾರರನ್ನು ಕರೆಸಿದೆ.

ಅವರು ಬಂದವರೇ ಮೊಬೈಲಿನ ಟಾರ್ಚ್ ಹಾಕಿ ಎಂಟು ಮೂಲೆಗಳನ್ನೂ ಅರ್ಧ ಗಂಟೆ ನೋಡಿದರು. ಕೆಟ್ಟಿರುವ ಮೂಲೆಯನ್ನಷ್ಟೇ ಬದಲಿಸಿದರೆ ಸಾಲದೇ ಎಂದು ನಾನು ಕೇಳಿದಾಗ, “ಹಳೇದಕ್ಕೂ ಹೊಸದಕ್ಕೂ ಕೂಡೋ ಜಾಗ ಇರುತ್ತಲ್ಲ ಸಾರ್, ಅಲ್ಲೇ ಬಿಡುತ್ತೆ. ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ನಾನು ಕೈ ಹಾಕಲ್ಲ” ಎಂದರು. ಆ ಮಾತಿಗೇ ನಾನು ಒಪ್ಪಿದೆ. ಮೀನುಗಳನ್ನು ನೀಲಿ ಡ್ರಮ್ಮಿಗೆ ಸಾಗಿಸಿ, ಫಿಲ್ಟರನ್ನು ಅಲ್ಲಿಯೇ ಓಡಿಸಿಟ್ಟು, ತೊಟ್ಟಿಯನ್ನು ಎರಡು ದಿನ ಒಣಗಲು ಬಿಟ್ಟೆವು. ಒಳಪಟ್ಟಿಯನ್ನು ಕತ್ತರಿಸುವಾಗ ಬ್ಲೇಡು ಸಂದಿಯೊಳಕ್ಕೆ ಹೋಗದಂತೆ ಅವರು ಅದನ್ನು ಗಾಜಿಗೆ ಮಲಗಿಸಿ ಹಿಡಿಯುತ್ತಿದ್ದರು. ಒಂದು ಅಡಿ ಉದ್ದಕ್ಕೆ ಇಪ್ಪತ್ತು ನಿಮಿಷವಾದರೂ ಅವಸರಪಡಲಿಲ್ಲ. ಚೆನ್ನಾಗಿದ್ದ ಮೂಲೆಗಳಲ್ಲಿ ಹದಿನೈದು ವರ್ಷದ ಹಳೆಯ ಅಂಟು ಚೂರುಚೂರಾಗಿಯೇ ಬಂತು, ಶಾವಿಗೆಯಂತೆ ಎಲ್ಲಿಯೂ ಬಿಟ್ಟು ಬರಲಿಲ್ಲ. 2006ರಲ್ಲಿ ಕಟ್ಟಿದ ಕೈಗಳಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕಾರ ಹೇಳಿದ್ದು ಆ ಗಳಿಗೆಯಲ್ಲಿ.

ಅನಂತರ ಅಸಿಟೋನ್‌ನಿಂದ ಗಾಜನ್ನು ಎರಡು ಸಲ ಒರೆಸಿದರು, ಪ್ರತಿ ಸಲವೂ ಹೊಸ ಬಟ್ಟೆ. ಮೂಲೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಗನ್ನಿನಿಂದ ಸಿಲಿಕೋನ್ ಎಳೆದು, ಬೆರಳಿನಿಂದ ಒಂದೇ ಎಳೆತದಲ್ಲಿ ಸವರಿ, ಮೇಲ್ಪದರ ಕಟ್ಟುವ ಮೊದಲೇ ಟೇಪನ್ನು ಕಿತ್ತರು. ಹಜಾರದ ತುಂಬ ವಿನೆಗರಿನ ಘಾಟು ಹರಡಿತು. ಅದು ಸಿಲಿಕೋನ್ ಗಟ್ಟಿಯಾಗುವಾಗ ಹೊರಬರುವ ಅಸಿಟಿಕ್ ಆಮ್ಲದ ವಾಸನೆ. ಈ ಬಗೆಯ ಸಿಲಿಕೋನ್ ಗಾಳಿಯ ತೇವವನ್ನು ಹೀರಿಕೊಂಡು ಹೊರಮೈಯಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದಂತೆ ಕಾಣುವುದಕ್ಕೆ ಅರ್ಧ ಗಂಟೆ ಸಾಕು. ಒಳಗೆ ಪೂರ್ತಿ ಗಟ್ಟಿಯಾಗುವುದಕ್ಕೆ ದಿನಗಳು ಬೇಕು. ನಾಳೆ ನೀರು ತುಂಬಿಸಿ ಎಂದವರ ತಪ್ಪು ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ. ನಾವು ಏಳು ದಿನ ಬಿಟ್ಟೆವು. ಎಂಟನೆಯ ದಿನ ಕಾಲು ಭಾಗ, ಮರುದಿನ ಅರ್ಧ, ಅದರ ಮರುದಿನ ಪೂರ್ತಿ ನೀರು ತುಂಬಿಸಿ, ಸುತ್ತಲೂ ಒಣ ವೃತ್ತಪತ್ರಿಕೆ ಹಾಸಿ ಮೂರು ದಿನ ನೋಡಿ, ಆ ನೀರನ್ನು ಚೆಲ್ಲಿ, ಹೊಸ ನೀರು ತುಂಬಿಸಿ ಮೀನು ಬಿಟ್ಟೆವು.

ಈ ಸೇವೆಗೆ ಅಂಟಿನ ಬೆಲೆಯೂ ಸೇರಿ 2,500 ರೂಪಾಯಿ ಕೊಟ್ಟೆ, ಕೊಟ್ಟದ್ದಕ್ಕೆ ತೃಪ್ತಿಯಿದೆ. ಕೊರತೆಗಳನ್ನೂ ಹೇಳಬೇಕು. ಮುಂಭಾಗದ ಗಾಜಿನ ಕೆಳ ಅಂಚಿನಲ್ಲಿ ಬ್ಲೇಡು ಜಾರಿ ಒಂದು ಬೆರಳು ಉದ್ದದ ಗೀರು ಬಿದ್ದಿದೆ; ಮರಳು ತುಂಬಿದ ಮೇಲೆ ಅದು ಕಾಣುವುದಿಲ್ಲ, ಆದರೆ ಅದು ಇರುವುದು ನನಗೆ ಗೊತ್ತು. ಎಡ ಮೂಲೆಯ ಪಟ್ಟಿಯಲ್ಲಿ ಎರಡು ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆಗಳು ಉಳಿದಿವೆ. ಹೇಳಿದ ದಿನಕ್ಕೆ ಬಾರದೆ ಎರಡು ದಿನ ತಡವಾಗಿ ಬಂದರು, ಮುಂಚೆ ಒಂದು ಮಾತು ತಿಳಿಸಲಿಲ್ಲ. ಮೀನುಗಳು ಡ್ರಮ್ಮಿನಲ್ಲಿ ಇರುವಾಗ ಎರಡು ದಿನ ಎಂದರೆ ಸಣ್ಣ ಮಾತಲ್ಲ. ಆದರೆ ಅಂಟಿನ ಟ್ಯೂಬನ್ನು ತೆರೆಯುವ ಮೊದಲು ತಯಾರಿಕೆಯ ತಿಂಗಳನ್ನು ನನಗೆ ತೋರಿಸಿ, ಅವಧಿ ಮುಗಿಯದ ಟ್ಯೂಬು ಎಂದು ಖಚಿತಪಡಿಸಿದ ಕೆಲಸಗಾರರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಧಿ ಮೀರಿದ ಸಿಲಿಕೋನ್ ಹಚ್ಚಿದರೆ ತಿಂಗಳಾದರೂ ಕೈಗೆ ಮೆತ್ತಿಕೊಳ್ಳುತ್ತಲೇ ಇರುತ್ತದೆ, ಹಿಡಿತವೂ ಬರುವುದಿಲ್ಲ.

ಟ್ಯೂಬಿನ ವಿಷಯ ಬಂದಾಗ ಒಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಚ್ಚಲುಮನೆ, ಅಡುಗೆಮನೆಯ ಸಿಂಕಿಗೆಂದು ಮಾರುವ ಸಿಲಿಕೋನ್‌ಗಳಲ್ಲಿ ಬೂಷ್ಟು ಹಿಡಿಯದಂತೆ ಔಷಧ ಬೆರೆಸಿರುತ್ತಾರೆ. ನೋಡಲು ಒಂದೇ, ವಾಸನೆಯೂ ಒಂದೇ ಇರಬಹುದು, ಮೀನಿಗೆ ಮಾತ್ರ ಅದು ವಿಷ. ಬೂಷ್ಟು ತಡೆಯುತ್ತದೆ ಎಂಬ ಮಾತು ಟ್ಯೂಬಿನ ಮೇಲೆ ಇದ್ದರೆ ಅದನ್ನು ಕೆಳಗಿಡಬೇಕು. ಅಕ್ವೇರಿಯಂಗೆ ಬಳಸಬಹುದು ಎಂದು ಅಚ್ಚಾಗಿರುವುದನ್ನೇ ಕೇಳಿ ಪಡೆಯಬೇಕು. ಕಪ್ಪೋ ಪಾರದರ್ಶಕವೋ ಎಂಬುದು ಅಂದದ ಪ್ರಶ್ನೆ. ಪಾರದರ್ಶಕದಲ್ಲಿ ಸಂದಿಯ ದೋಷಗಳು ಬೇಗ ಕಾಣುತ್ತವೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಆರಿಸುತ್ತೇನೆ.

ಮೂರನೆಯ ತೊಟ್ಟಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 2016ರಲ್ಲಿ ಕೊಂಡದ್ದು, ಮುಂಭಾಗ ಮತ್ತು ಎರಡು ಪಕ್ಕಗಳು ಒಂದೇ ಗಾಜನ್ನು ಬಾಗಿಸಿ ಮಾಡಿದವು, ಹಾಗಾಗಿ ಮುಂದಿನ ಎರಡು ಮೂಲೆಗಳಲ್ಲಿ ಅಂಟೇ ಇಲ್ಲ. ಸೋರುವ ಜಾಗಗಳು ಅಷ್ಟು ಕಡಿಮೆ. ಒಂಬತ್ತು ವರ್ಷಗಳಲ್ಲಿ ತೊಂದರೆ ಕೊಟ್ಟಿಲ್ಲ. ತಳದ ಸಂದಿ ಪ್ಲಾಸ್ಟಿಕ್ ಚೌಕಟ್ಟಿನೊಳಗೆ ಮುಚ್ಚಿಹೋಗಿರುವುದರಿಂದ ಅದರ ಸ್ಥಿತಿ ನನಗೆ ಕಾಣುವುದಿಲ್ಲ ಎಂಬುದೊಂದೇ ಅಸಮಾಧಾನ. ಸೋರಿದರೆ ದುರಸ್ತಿಗೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ ಎಂದು ಆ ಹಿರಿಯರೂ ಹೇಳಿದರು.

ಇನ್ನು ನಮ್ಮ ಕೈಯಿಂದಲೇ ಅಂಟಿನ ಆಯುಸ್ಸು ಕಡಿಮೆಯಾಗುವ ಬಗೆ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕಾವೇರಿ ನೀರಿನ ಜೊತೆಗೆ ಕೊಳವೆಬಾವಿಯ ನೀರನ್ನೂ ಬಳಸುತ್ತೇವೆ. ಆ ಗಡಸು ನೀರಿಗೆ ಗಾಜಿನ ಮೇಲ್ಭಾಗದಲ್ಲಿ ಬಿಳಿ ಸುಣ್ಣದ ಗೆರೆ ಕಟ್ಟುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯುತ್ತ ಮೂಲೆಯವರೆಗೆ ಹೋಗುವುದೇ ಒಳಪಟ್ಟಿಗೆ ಬೀಳುವ ಮೊದಲ ಪೆಟ್ಟು. ನೀರನ್ನು ತಗ್ಗಿಸಿ, ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಹದಿನೈದು ನಿಮಿಷ ಹಚ್ಚಿಟ್ಟರೆ ಸುಣ್ಣ ತಾನೇ ಕರಗುತ್ತದೆ, ಸಿಲಿಕೋನ್‌ಗೆ ಏನೂ ಆಗುವುದಿಲ್ಲ. ಅಯಸ್ಕಾಂತದ ಉಜ್ಜುಗಕ್ಕೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗಾಜು ಗೀರಾಗುತ್ತದೆ, ಪಟ್ಟಿಯ ಅಂಚೂ ಹರಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ಅರ್ಧ ನೀರು ಮತ್ತು ಕಲ್ಲುಗಳು ಇರುವಾಗಲೇ ತೊಟ್ಟಿಯನ್ನು ಎತ್ತಿ ಸರಿಸುವುದು. ಇಬ್ಬರು ಎರಡು ತುದಿ ಹಿಡಿದು ಎತ್ತಿದಾಗ ತಳದ ಗಾಜು ತಿರುಚಿಕೊಳ್ಳುತ್ತದೆ, ಆ ತಿರುಚನ್ನು ತಡೆಯಬೇಕಾದ್ದು ಸಂದಿಯ ಪದರ. ಅಂದೇ ಸೋರದೆ ಆರು ತಿಂಗಳ ಮೇಲೆ ಸೋರಿದರೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಸ್ಟ್ಯಾಂಡಿನ ಮಟ್ಟವೂ ಇಂಥದೇ ವಿಷಯ: ಒಂದು ಕಾಲಿನ ಅಡಿಗೆ ಮಡಿಸಿದ ರಟ್ಟು ಕೊಟ್ಟು ನಿಲ್ಲಿಸಿದ ಸ್ಟ್ಯಾಂಡ್, ಒಂದು ಮೂಲೆಯನ್ನು ವರ್ಷಗಟ್ಟಲೆ ಎಳೆಯುತ್ತಲೇ ಇರುತ್ತದೆ. ಚೌಕಟ್ಟಿಲ್ಲದ ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಳೆ ಹಾಸುವುದು ಹಲಗೆಯ ಸಣ್ಣ ಉಬ್ಬುತಗ್ಗುಗಳನ್ನು ಸರಿದೂಗಿಸುವುದಕ್ಕೆ. ಸ್ಟ್ಯಾಂಡ್ ಓರೆಯಾಗಿದ್ದರೆ ಅದರಿಂದ ಉಪಯೋಗವಿಲ್ಲ.

ಗಾಜಿಗೆ ಆಯುಸ್ಸೇ ಇಲ್ಲವೇ ಎಂದರೆ, ಇದೆ, ಆದರೆ ಬೇರೆ ಬಗೆಯದು. ಸದಾ ಎಳೆತದಲ್ಲಿ ಇರುವ ಗಾಜಿನಲ್ಲಿ ಅಂಚಿನ ಸಣ್ಣ ಚಕ್ಕೆಯೋ ಗೀರೋ ತೇವದ ನೆರವಿನಿಂದ ಬಹಳ ನಿಧಾನವಾಗಿ ಒಳಕ್ಕೆ ಬೆಳೆಯಬಲ್ಲದು. ಗಾಜಿನ ದಪ್ಪವನ್ನು ಆರಿಸುವಾಗ ತಾಳಿಕೆಯ ನಾಲ್ಕನೇ ಒಂದು ಭಾಗದಷ್ಟು ಭಾರ ಮಾತ್ರ ಬೀಳುವಂತೆ ಲೆಕ್ಕ ಹಾಕುವ ವಾಡಿಕೆ ಬಂದಿರುವುದು ಇದೇ ಕಾರಣದಿಂದ. ಅಂಚು ಉಜ್ಜಿ ನಯಮಾಡಿರುವ, ಚಕ್ಕೆ ಎದ್ದಿರದ, ದಪ್ಪ ಸಾಕಷ್ಟಿರುವ ಗಾಜು ಮನೆಯಲ್ಲಿ ಒಂದು ತಲೆಮಾರನ್ನು ದಾಟಿ ನಿಲ್ಲುವುದರಲ್ಲಿ ನನಗೆ ಸಂಶಯವಿಲ್ಲ. 2022ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹೋಟೆಲೊಂದರ ಹತ್ತು ಲಕ್ಷ ಲೀಟರಿನ ಮತ್ಸ್ಯಾಲಯ ಒಡೆದಾಗ, ನಿಮ್ಮ ತೊಟ್ಟಿಯೂ ಹಾಗಾದೀತೇ ಎಂದು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಅದು ಅಕ್ರಿಲಿಕ್‌ನಲ್ಲಿ ಕಟ್ಟಿದ, ಹಲವು ಮಹಡಿಗಳಷ್ಟು ಎತ್ತರದ ಕೊಳವೆ, 40 ಸೆಂ.ಮೀ. ನೀರಿನ ಗಾಜಿನ ತೊಟ್ಟಿಗೂ ಅದಕ್ಕೂ ಹೋಲಿಕೆ ಸಲ್ಲದು. ಮನೆಯ ತೊಟ್ಟಿಗಳು ಬಹುಪಾಲು ಒಡೆಯುವುದಿಲ್ಲ, ಒಸರುತ್ತವೆ. ಒಸರುವ ಮೊದಲು ಬಹಳ ಸಲ ಗುರುತನ್ನೂ ತೋರಿಸುತ್ತವೆ.

ಹಳೆಯ ತೊಟ್ಟಿಯನ್ನು ಕೊಳ್ಳಬಹುದೇ ಎಂದು ನನ್ನನ್ನು ಕೇಳಿದವರಿಗೆಲ್ಲ ಕೊಳ್ಳಬಹುದು ಎಂದೇ ಹೇಳಿದ್ದೇನೆ, ಹಗಲಿನಲ್ಲಿ ಹೋಗಿ ನೋಡುವುದಾದರೆ. ಟಾರ್ಚಿನ ಬೆಳಕನ್ನು ಗಾಜಿನ ಅಂಚಿನಿಂದ ಸಂದಿಯೊಳಕ್ಕೆ ಹಾಯಿಸಿದಾಗ ಪದರ ಒಂದೇ ಸಮನೆ ಕಾಣಬೇಕು. ಬೆಳ್ಳಿಯಂತೆ ಹೊಳೆಯುವ ಮಚ್ಚೆಗಳು ಕಂಡರೆ ಅಲ್ಲಿ ಅಂಟು ಗಾಜನ್ನು ಬಿಟ್ಟಿದೆ. ಒಳಪಟ್ಟಿ ಉಗುರಿಗೆ ರಬ್ಬರಿನಂತೆ ಒತ್ತಿಕೊಂಡು ಮತ್ತೆ ಮೊದಲಿನಂತಾಗಬೇಕು. ವರ್ಷಗಟ್ಟಲೆ ತಾರಸಿಯ ಮೇಲೆ ಒಣಗಿ ಬಿದ್ದಿದ್ದ ತೊಟ್ಟಿಯಾದರೆ, ನಾನು ನೋಡದೆಯೇ ಒಳಪಟ್ಟಿಯ ಬದಲಾವಣೆಯ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳುತ್ತೇನೆ. ಎಷ್ಟು ವರ್ಷ ಎಂದು ಒಂದೇ ಅಂಕಿ ಕೇಳಿದರೆ, ದಪ್ಪ ಗಾಜಿನಲ್ಲಿ ಶುಚಿಯಾಗಿ ಕಟ್ಟಿದ ತೊಟ್ಟಿಗೆ ಹತ್ತು ವರ್ಷ ಚಿಂತೆಯಿಲ್ಲ, ಹದಿನೈದರ ಹೊತ್ತಿಗೆ ಒಳಪಟ್ಟಿ ಬದಲಿಸುವ ಸಿದ್ಧತೆಯಿರಲಿ, ಆಮೇಲೆ ಇನ್ನೂ ಹತ್ತು ವರ್ಷ ಎಂದು ನನ್ನ ಅನುಭವದ ಮೇಲೆ ಹೇಳುತ್ತೇನೆ. ಮೂರು ನಾಲ್ಕು ವರ್ಷದಲ್ಲಿ ಸೋರಿದ್ದನ್ನು ಸಹಜ ಸವೆತ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ನಾಲ್ಕು ಅಡಿಯ ತೊಟ್ಟಿ ಅಂಟು ಬದಲಿಸಿದ ಮೇಲೆ ನಾಲ್ಕು ವರ್ಷ ಕಳೆದಿದೆ. ಅದೇ ಬಲಗಡೆಯ ಹಿಂಬದಿ ಮೂಲೆಯಲ್ಲಿ ಹೊರಗಿನಿಂದ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಟ್ಟಿದ್ದೇನೆ. ಪ್ರತಿ ಯುಗಾದಿಗೆ ತೊಟ್ಟಿಯನ್ನು ಚೊಕ್ಕಟ ಮಾಡುವಾಗ ಟಾರ್ಚ್ ಹಿಡಿದು ನೋಡುತ್ತೇನೆ. ಈ ವರ್ಷದವರೆಗೆ ಅಂಟಿನ ಅಡಿಯಲ್ಲಿ ಹಸಿರು ಕಂಡಿಲ್ಲ.